ನಡುಗಡ್ಡೆಯವರ ಪಾಲು

ಆಲದ ಮರ ಬರುವವರೆಗೂ ಶಿವರಾಮು ತಿರುಗಿ ನೋಡಲಿಲ್ಲ.

ಕೆರೆ ಏರಿಯ ಮೇಲೆ ಒಬ್ಬನೇ ಬರುತ್ತಿದ್ದ. ಬಿರುಬೇಸಿಗೆ, ಗಾಳಿ ಇಲ್ಲ. ಕೈಯಲ್ಲಿದ್ದ ಬ್ಯಾಟರಿಯ ಬೆಳಕು ಹಳದಿಗೆ ತಿರುಗಿತ್ತು. ಹಿಂದೆ ಸದ್ದು... ಬಳಕ್. ಬಳಕ್. ಮೊಣಕಾಲುದ್ದ ನೀರಿನಲ್ಲಿ ಜನ ಕಾಲೆತ್ತಿ ಹಾಕುವ ಸದ್ದು. ಏರಿಯ ಮೇಲೆ ನೀರು ಎಲ್ಲಿಂದ ಬರಬೇಕು? ಕಾಲ ಕೆಳಗಿದ್ದದ್ದು ಪುಡಿಮಣ್ಣು, ಒಣಗಿದ ಸಗಣಿ. ಆದರೂ ಬಳಕ್... ಬಳಕ್. ಒಬ್ಬರದ್ದಲ್ಲ.

ಅಂಗಿಯ ಜೇಬಿನಲ್ಲಿ ಇನ್ನೊಂದು ಸದ್ದು. ಟಿಕ್. ಟಿಕ್. ಮಣಿಗೆ ಮಣಿ ತಾಕಿದ ಹಾಗೆ. ಜೇಬಿಗೆ ಕೈ ಹಾಕಿದ. ಬರೀ ಬಟ್ಟೆ.

ಇದು ಯಾರೋ ಎಲ್ಲೋ ಕೇಳಿದ ಕತೆಯಲ್ಲ. ಶಿವರಾಮು ನಮ್ಮ ದೊಡ್ಡಪ್ಪನ ಮಗ. ಅವನು ತಿರುಗಿ ನೋಡದೆ ನಡೆದದ್ದನ್ನು ಧೈರ್ಯ ಅಂದುಕೊಳ್ಳಬೇಡಿ. ಅವನ ಧೈರ್ಯ ನಮ್ಮ ಕೇರಿಗೆಲ್ಲ ಗೊತ್ತು. ರೈಸ್ ಮಿಲ್ ರಂಗಸ್ವಾಮಿ ಕೆಮ್ಮಿದರೆ ಊಟದ ಎಲೆ ಬಿಟ್ಟು ಎದ್ದು ನಿಲ್ಲುವವನು. ತಿರುಗಿ ನೋಡಬಾರದು ಅನ್ನೋದಕ್ಕೆ ಬೇರೆ ಕಾರಣ ಇತ್ತು. ಅದನ್ನು ಅವನು ಕೂಸಾಗಿದ್ದಾಗಲೇ ಕಲಿತಿದ್ದ.

ಮೊದಲು ಇವನು ಆ ಹೊತ್ತಿನಲ್ಲಿ ಕೆರೆಯಲ್ಲಿ ಏನು ಮಾಡುತ್ತಿದ್ದ, ಅದನ್ನು ಕೇಳಿ.

ಚಾಮರಾಜನಗರ ಜಿಲ್ಲೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಹೊಸ ಜಿಲ್ಲೆಗೆ ಹೊಸ ಬೋರ್ಡು ಬಂತು, ಹೊಸ ಜೀಪು ಬಂತು. ಒಂದು ಮಾತ್ರ ಇರಲಿಲ್ಲ. ಹಳೇ ರಾಜ. ಊಟ, ರಸ್ತೆ, ಆಸ್ಪತ್ರೆ ಇಲ್ಲದೆ ಇದ್ದರೆ ದೊಡ್ಡವರಿಗೆ ನಿದ್ದೆ ಬರುತ್ತದೆ. ರಾಜ ಇಲ್ಲದೆ ಇದ್ದರೆ ಬರುವುದಿಲ್ಲ. ಒಂದು ಇತಿಹಾಸ ಸಮಿತಿ ಕಟ್ಟಿದರು. ಅಧ್ಯಕ್ಷ ಯಾರು? ರೈಸ್ ಮಿಲ್ ರಂಗಸ್ವಾಮಿ. ಅವನಿಗೆ ಗೊತ್ತಿದ್ದ ಇತಿಹಾಸ ಅಂದರೆ ಅವನ ಅಪ್ಪ, ಅಪ್ಪನ ಅಪ್ಪ. ಸಿಗೋ ರಾಜ ತನ್ನ ವಂಶದ ಮೂಲಪುರುಷನೇ ಆಗಿರಬೇಕು ಅಂತ ರಾಜ ಸಿಗುವ ಮೊದಲೇ ಹೇಳಿಬಿಟ್ಟಿದ್ದ.

ಇದೇ ರಂಗಸ್ವಾಮಿ ಗುಂಡ್ಲುಪೇಟೆಯ ಒಂದು ಖಾಸಗಿ ಕಾಲೇಜಿನ ಕಾರ್ಯದರ್ಶಿ. ಶಿವರಾಮು ಅಲ್ಲಿ ಇತಿಹಾಸದ ಮೇಷ್ಟ್ರು. ಖಾಯಂ ಅಲ್ಲ. ಪ್ರತಿ ಬೇಸಿಗೆಗೂ ತೆಗೆದು ಪ್ರತಿ ಜೂನಿಗೂ ಹಾಕಿಕೊಳ್ಳುತ್ತಿದ್ದರು, ಕಬ್ಬು ಕಡಿಯೋರನ್ನು ಹಾಕಿಕೊಂಡ ಹಾಗೆ. ಮದುವೆಯಾಗಿ ಕೂದಲು ನರೆತರೂ ಅವನ ನೌಕರಿಗೆ ಬೇರು ಇಳಿದಿರಲಿಲ್ಲ. ಅದಕ್ಕೇ ಪಿಎಚ್‌ಡಿಗೆ ಕಟ್ಟಿದ್ದ. ಪ್ರಬಂಧದ ಹೆಸರು ಬಾಯಿ ತುಂಬುತ್ತಿತ್ತು: ‘ಪ್ರಾಚೀನ ನಡುಗಡ್ಡೆಯ ಜನಸಮುದಾಯ ಮತ್ತು ಸಾಮಾಜಿಕ ಪರಿವರ್ತನೆ’.

ನಮ್ಮ ಕೆರೆ ಚಂದಕವಾಡಿ ಕಡೆ ಹೋಗುವ ದಾರಿಯಲ್ಲಿದೆ. ಹೆಸರು ಹೇಳುವುದಿಲ್ಲ, ಹೇಳಿದರೆ ನಾಳೆ ಅಲ್ಲೊಂದು ಗುಡಿ ಕಟ್ಟುತ್ತಾರೆ. ಕೆರೆ ನಡುವೆ ಒಂದು ದಿಬ್ಬ. ಕೆರೆ ಕಟ್ಟುವ ಮೊದಲು ಅಲ್ಲಿ ಹೊಳೆ ಎರಡಾಗಿ ಸೀಳಿ ಹರಿಯುತ್ತಿತ್ತಂತೆ. ನಡುವೆ ಉಳಿದ ನೆಲದಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದೆ ಜನ ಇದ್ದರು. ಮೊದಲು ಎಲ್ಲರೂ ಒಂದೇ ಸಮ ಬದುಕಿದರು, ಆಮೇಲೆ ಅವರಲ್ಲೊಬ್ಬ ಮಿಕ್ಕವರ ಹೆಗಲ ಮೇಲೆ ಹತ್ತಿ ಕೂತ. ಅದೇ ಪರಿವರ್ತನೆ. ಹತ್ತಿ ಕೂತವನ ಸಮಾಧಿ ತೋರಿಸಿಬಿಟ್ಟರೆ ಪ್ರಬಂಧವೂ ಆಯಿತು, ರಂಗಸ್ವಾಮಿಗೆ ರಾಜನೂ ಆಯಿತು. ಹೀಗಂತ ಶಿವರಾಮು ಅಗೆಯುವ ಮೊದಲೇ ಬರೆದು ಇಟ್ಟಿದ್ದ.

‘ರಾಜ ಸಿಕ್ಕಿದ್ರೆ ಜೂನ್‌ನಲ್ಲಿ ಖಾಯಂ ಆರ್ಡರ್ರು. ಸಿಗ್ಲಿಲ್ವಾ, ಜೂನ್‌ನಲ್ಲಿ ಬರ್ಬೇಡಿ,’ ಎಂದಿದ್ದ ರಂಗಸ್ವಾಮಿ.

ಆ ಬೇಸಿಗೆ ನೀರು ಮೊಣಕಾಲಿಗೆ ಇಳಿಯುತ್ತಲೇ ಅಗೆತ ಶುರುವಾಯಿತು. ಮೈಸೂರಿನಿಂದ ಅವನ ಗೈಡು ಒಮ್ಮೆ ಬಂದು, ಹೇಗೆ ಅಗೆಯಬೇಕು, ಹೇಗೆ ಜರಡಿ ಹಿಡಿಯಬೇಕು ಎಂದು ತೋರಿಸಿ ಹೋದರು. ಕೂಲಿಗೆ ಬಂದವರು ನಮ್ಮ ಕೇರಿಯ ಹೆಂಗಸರೇ. ಅವರಿಗೆ ಮುಂದಾಳು ರಾಚಮ್ಮ, ಶಿವರಾಮುಗೆ ವರಸೆಯಲ್ಲಿ ಚಿಕ್ಕವ್ವ. ದಿನವಿಡೀ ಜರಡಿ ಸರಕ್ ಸರಕ್, ಕುಂಚ ಚರ ಚರ. ಒಂದೊಂದಾಗಿ ಹೆಣ ಹೂತಿದ್ದ ಗುಣಿಗಳು ಬಾಯಿ ತೆರೆದವು.

ಸಿಕ್ಕಿದ್ದು ಏನು? ಗಂಡಸಿನ ಗುಣಿ, ಹೆಂಗಸಿನ ಗುಣಿ. ಎಲ್ಲ ಒಂದೇ ಆಳ. ಎಲ್ಲದರಲ್ಲೂ ತಲೆ ಹತ್ತಿರ ಒಂದು ಕರೀ ಮಡಕೆ, ಕೈ ಹತ್ತಿರ ಒಂದು ಕುಡುಗೋಲು, ಎದೆ ಮೇಲೆ ಒಂದು ಹಿಡಿ ಕೆಂಪು ಮಣಿ. ಒಬ್ಬರಿಗೆ ಹೆಚ್ಚಿಲ್ಲ, ಒಬ್ಬರಿಗೆ ಕಮ್ಮಿ ಇಲ್ಲ. ಮೇಲಿನ ಮಣ್ಣಿನಲ್ಲೂ ಹಾಗೇ, ತಳದ ಮಣ್ಣಿನಲ್ಲೂ ಹಾಗೇ. ತಲೆಮಾರುಗಳೇ ಉರುಳಿದ್ದರೂ ಅಲ್ಲಿ ಯಾರೂ ಯಾರ ಹೆಗಲ ಮೇಲೂ ಹತ್ತಿರಲಿಲ್ಲ. ರಾಜ ಇಲ್ಲದೆ ಬದುಕಿ, ರಾಜ ಇಲ್ಲದೆ ಸತ್ತು, ಒಂದೇ ಸಮ ಮಲಗಿದ್ದರು.

ಇಂಥದ್ದನ್ನು ಕಂಡರೆ ಮನುಷ್ಯ ಕುಣಿಯಬೇಕು. ನಮ್ಮವನು ತಲೆ ಮೇಲೆ ಕೈ ಹೊತ್ತು ಕೂತ.

‘ಯಾನ್ಲಾ ಶಿವರಾಮ, ಹೆಣ ನೋಡಿ ಹಿಂಗ್ ಅಳ್ತಾ ಕುಂತಿದ್ದಯ್ಯ? ನಿಂಗೇನ್ ನೆಂಟ್ರಾ?’ ಅಂದಳು ರಾಚಮ್ಮ.

‘ನಿಂಗೆ ಗೊತ್ತಾಗಲ್ಲ ಬುಡು ಚಿಕ್ಕವ್ವ. ಒಬ್ನಾದ್ರೂ ದೊಡ್ಡೋನು ಇರ್ಬೇಕಿತ್ತು.’

‘ದೊಡ್ಡೋರು ಬ್ಯಾಡ ಅಂತ್ಲೇ ನೀರೊಳಗ ಬಂದು ಮನೆ ಕಟ್ಕಂಡಿದ್ರೇನೋ!’ ಹೆಂಗಸರು ಹೋ ಎಂದು ನಕ್ಕರು. ‘ಗುಡ್ಡೆ ಬಾಡು ಹಂಚ್ದಂಗೆ ಹಂಚವ್ರೆ ನೋಡ್ಲಾ. ನೀನೂ ಹಂಚಿರೋನೇ ತಾನೆ?’

ಮೊದಲ ನಾಲ್ಕಾರು ಗುಣಿ ತೆರೆದಾಗಲೇ ಶಿವರಾಮುಗೂ ಅದೇ ಅನ್ನಿಸಿತ್ತು. ಗೊತ್ತಿಲ್ಲದೆ ತಪ್ಪು ಮಾಡಿದ್ದರೆ ಅವನ ಮೇಲೆ ನನಗೆ ಇಷ್ಟು ಸಿಟ್ಟಿರುತ್ತಿರಲಿಲ್ಲ.

ಗುಡ್ಡೆ ಬಾಡು ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಯುಗಾದಿಯ ಮಾರನೇ ದಿನ ನಮ್ಮ ಕೇರಿಯ ಮನೆಗಳೆಲ್ಲ ಸೇರಿ ಕುರಿ ಕಡಿಯುತ್ತೇವೆ. ಮುತ್ತುಗದ ಎಲೆ ಹಾಸಿ, ಮನೆಗೊಂದರಂತೆ ಬಾಡನ್ನು ಗುಡ್ಡೆ ಹಾಕುತ್ತೇವೆ. ಮೂಳೆ ಇದ್ದರೆ ಎಲ್ಲದಕ್ಕೂ ಮೂಳೆ, ಕೊಬ್ಬು ಇದ್ದರೆ ಎಲ್ಲದಕ್ಕೂ ಕೊಬ್ಬು. ‘ಸಮ ಬಂತಾ?’ ಎಂದು ಕೂಗುತ್ತಾರೆ. ‘ಬಂತು’ ಎಂದು ಎಲ್ಲರೂ ಹೇಳಬೇಕು. ಆಮೇಲೆ ಒಬ್ಬನನ್ನು ಗುಡ್ಡೆಗಳಿಗೆ ಬೆನ್ನು ಮಾಡಿ ನಿಲ್ಲಿಸುತ್ತಾರೆ. ಇನ್ನೊಬ್ಬ ಒಂದು ಗುಡ್ಡೆ ಮುಟ್ಟಿ ಕೇಳುತ್ತಾನೆ, ‘ಇದ್ಯಾರ್ಗೆ?’ ಬೆನ್ನು ಮಾಡಿ ನಿಂತವನು ಯಾವುದಾದರೂ ಮನೆಯ ಹೆಸರು ಹೇಳುತ್ತಾನೆ. ಕಾಣದ ಕಣ್ಣಿಗೆ ತನ್ನವರು ಇಲ್ಲ, ಹೆರವರು ಇಲ್ಲ. ಪಾಲು ಮುಗಿಯುವವರೆಗೂ ಅವನು ತಿರುಗಿ ನೋಡುವ ಹಾಗಿಲ್ಲ. ನೋಡಿದನೋ, ಎಲ್ಲಾ ಗುಡ್ಡೆಯನ್ನೂ ಕಲಸಿ ಮೊದಲಿನಿಂದ ಹಂಚಬೇಕು. ಬೆನ್ನು ಮಾಡಿ ನಿಂತವನ ಪಾಲು ಕೊನೇದು. ಅದೂ ಆದ ಮೇಲೆ ಇನ್ನೊಮ್ಮೆ ‘ಸಮ ಬಂತಾ?’ ಎಂದು ಕೇಳುತ್ತಾರೆ, ಅವನು ‘ಬಂತು’ ಅಂದರೆ ಪಾಲು ಮುಗಿಯಿತು.

ಕೂಸಾಗಿದ್ದಾಗ ಶಿವರಾಮುವನ್ನೇ ಬೆನ್ನು ಮಾಡಿ ನಿಲ್ಲಿಸುತ್ತಿದ್ದರು. ‘ಈ ಕೂಸು ಮೋಸ ಮಾಡಾಕಿಲ್ಲ,’ ಅನ್ನುತ್ತಿದ್ದರು. ಅಂದಿನ ಮಾತು.

ಮೂಳೆಗಳನ್ನು ಚೀಲಕ್ಕೆ ತುಂಬಿ ಪರೀಕ್ಷೆಗೆ ಅಂತ ಮೈಸೂರಿಗೆ ಕಳಿಸಿದರು. ಮಣಿ, ಕುಡುಗೋಲು, ಮಡಕೆ ಗುಣಿಯಲ್ಲೇ ಉಳಿದವು, ರಂಗಸ್ವಾಮಿ ಫೋಟೋದವರನ್ನು ಕರೆದುಕೊಂಡು ಬರುವವರೆಗೆ. ಮೂಳೆ ಕಳಿಸಿದ ಸಾಯಂಕಾಲ ರಾಚಮ್ಮ ಒಂದೊಂದೇ ಕಲ್ಲು ಹೊತ್ತು ತಂದಳು. ತೋಡಿದ ಗುಣಿಯನ್ನು ರಾತ್ರಿ ಬರಿದಾಗಿ ಬಿಡಬಾರದು, ಹೆಣ ಇಲ್ಲದಿದ್ದರೆ ಕಲ್ಲಾದರೂ ಹಾಕಬೇಕು, ಇಲ್ಲದಿದ್ದರೆ ಅದು ಯಾರನ್ನೋ ಕೇಳುತ್ತದೆ. ನಮ್ಮಲ್ಲಿ ಹಾಗೇ.

‘ಕಲ್ಲು ಹಾಕ್ಬೇಡ ಚಿಕ್ಕವ್ವ, ಫೋಟೋ ಕೆಡ್ತದ,’ ಅಂದ ಶಿವರಾಮು.

‘ಫೋಟೋ ಕೆಟ್ರೆ ಇನ್ನೊಂದು ತಗೀಬೋದು ಕಣಪ್ಪ...’

‘ಓಗು ಅಂದ್ನಲ್ಲ.’

ಅವಳು ಕಲ್ಲುಗಳನ್ನು ದಿಬ್ಬದ ಅಂಚಿನಲ್ಲೇ ಇಳಿಸಿ ಹೋದಳು. ಗುಣಿಗಳು ಹಾಗೇ ಬಾಯಿ ಬಿಟ್ಟುಕೊಂಡು ಉಳಿದವು.

ಬೆಳಗಾದರೆ ರಾಜನನ್ನು ನೋಡಲು ರಂಗಸ್ವಾಮಿ ಬರುತ್ತಾನೆ. ಕತ್ತಲಾದ ಮೇಲೆ ಶಿವರಾಮು ನೀರು ದಾಟಿ ದಿಬ್ಬಕ್ಕೆ ಬಂದ. ಕಾವಲಿಗಿದ್ದವನು ಮುದುಕ ಮರಿಯಯ್ಯ, ಕೆಮ್ಮಲಿನ ಮನುಷ್ಯ. ‘ನೀನು ಏರಿ ಮೇಲೆ ಮಲಿಕ್ಕೋ ಓಗಯ್ಯ, ಇಲ್ಲಿ ಥಂಡಿ,’ ಎಂದು ಅವನನ್ನು ಸಾಗಹಾಕಿದ. ನಡುವಿನ ಗುಣಿಯನ್ನು ಮಧ್ಯಾಹ್ನವೇ ಅಗಲ ಮಾಡಿಸಿದ್ದ. ಈಗ ಒಂದೊಂದೇ ಗುಣಿಗೆ ಇಳಿದು ಮಣಿ ಬಾಚಿದ. ಅಂಗಿ ಜೇಬಿಗೆ ತುಂಬಿದ. ನಡುವಿನ ಗುಣಿಯ ಅಂಚಿನಲ್ಲಿ ಮಂಡಿಯೂರಿ ಕೂತು ಒಳಗೆ ಸುರಿದ. ಮಣ್ಣಿನ ಮೇಲೆ ಮಣಿ ಬಿದ್ದವು... ಟಪ್ ಟಪ್ ಟಪ್. ಮಣಿಯ ಮೇಲೆ ಮಣಿ ಬಿದ್ದವು... ಟಿಕ್. ಟಿಕ್. ಬಡವರ ಎದೆ ಮೇಲಿದ್ದದ್ದನ್ನು ಕಿತ್ತು ಒಬ್ಬನ ಎದೆ ಮೇಲೆ ಸುರಿದರೆ ರಾಜ ತಯಾರು. ಇತಿಹಾಸದಲ್ಲಿ ನಿಜವಾದ ರಾಜರೂ ಹೀಗೇ ತಯಾರಾದದ್ದು, ಅದಕ್ಕೆ ನಮ್ಮವನು ಪಿಎಚ್‌ಡಿ ಮಾಡಬೇಕಾಗಿರಲಿಲ್ಲ.

ಎರಡನೇ ಸಲ ಜೇಬು ತುಂಬಿಕೊಂಡು ಬಂದು ಕೂತಾಗ, ಬೆನ್ನ ಹಿಂದೆ ಮೆಲ್ಲಗೆ...

‘ಇದ್ಯಾರ್ಗೆ?’

ಶಿವರಾಮು ಬೆಚ್ಚಲಿಲ್ಲ. ಮರಿಯಯ್ಯ ವಾಪಸ್ ಬಂದಿದ್ದಾನೆ, ನೋಡಿಬಿಟ್ಟಿದ್ದಾನೆ, ಕೀಟಲೆ ಮಾಡುತ್ತಿದ್ದಾನೆ ಅಂದುಕೊಂಡ. ನಾಲಿಗೆ ಹಳೇ ಅಭ್ಯಾಸದಂತೆ ಹೊರಳಿತು.

‘ರಾಜನ್ಗೆ,’ ಅಂದ.

ಮಣಿ ಸುರಿದ. ಮತ್ತೆ ಹೋದ, ಬಾಚಿದ, ಬಂದು ಕೂತ.

‘ಇದ್ಯಾರ್ಗೆ?’

‘ಅದೂ ರಾಜನ್ಗೆ.’

‘ಇದು?’

‘ಅದೂ ಅವ್ನಿಗೇ ಕಣಯ್ಯ. ಯಾಕ್ ತಲೆ ತಿಂತಿದ್ದಯ್ಯ? ಮಲಿಕ್ಕೋ ಓಗು.’

ಹಿಂದೆ ಒದ್ದೆ ಬಟ್ಟೆಯಿಂದ ನೀರು ತೊಟ್ಟಿಕ್ಕುವ ಸದ್ದು. ತೊಟ್... ತೊಟ್...

‘ನಿನ್ ಪಾಲು?’

ಶಿವರಾಮು ನಕ್ಕ. ‘ನನ್ ಪಾಲು ಜೂನ್‌ಗೆ ಬತ್ತದ. ಯಾರ್ಗೂ ಹೇಳ್ಬ್ಯಾಡ, ನಿಂಗೂ ಏನಾದ್ರೂ ಕೊಡಿಸ್ತೀನಿ ಮರಿಯಯ್ಯ.’

ಆಗ ಕೆಮ್ಮು ಕೇಳಿಸಿತು. ಮರಿಯಯ್ಯನದ್ದೇ ಕೆಮ್ಮು. ದೂರದಿಂದ. ನೀರಿನ ಆಚೆ, ಏರಿಯ ಮೇಲಿನಿಂದ.

ಶಿವರಾಮು ಕೂತಲ್ಲೇ ಕಲ್ಲಾದ. ತಿರುಗಲಿಲ್ಲ. ಓದಿದ ಪುಸ್ತಕವೆಲ್ಲ ತಲೆಯಿಂದ ಉದುರಿ ಹೋಗಿ, ಕೇರಿಯ ಒಂದೇ ಒಂದು ಮಾತು ಉಳಿಯಿತು. ಪಾಲು ಮುಗಿಯುವವರೆಗೂ ತಿರುಗಿ ನೋಡಬಾರದು. ನಡುವಿನ ಗುಣಿಯ ಮೇಲೆ ಟಾರ್ಪಾಲು ಎಳೆದ. ತಲೆ ತಿರುಗಿಸದೆ ಪಕ್ಕಕ್ಕೆ ಪಕ್ಕಕ್ಕೆ ಸರಿದು, ದಿಬ್ಬ ಇಳಿದು, ನೀರಿಗೆ ಬಿದ್ದ. ಏರಿ ಹತ್ತಿದ. ಮರಿಯಯ್ಯ ಕಂಬಳಿ ಮುಸುಕಿನಲ್ಲಿ ಗೊರ್ ಎನ್ನುತ್ತಿದ್ದ. ಅವನನ್ನು ಎಬ್ಬಿಸಲಿಲ್ಲ. ಎಬ್ಬಿಸಿ ಏನಂತ ಹೇಳುವುದು?

ಹಿಂದೆ ಬಳಕ್... ಬಳಕ್.

ಹೀಗೆ ಬಂದದ್ದು ಆಲದ ಮರದವರೆಗೆ. ಅಲ್ಲಿ ಸದ್ದು ನಿಂತಿತು. ಶಿವರಾಮುವಿನ ಕಾಲೂ ನಿಂತವು. ಬಿಳಲುಗಳ ನಡುವಿನಿಂದ, ಒಂದಲ್ಲ, ಹಲವು ಗಂಟಲುಗಳಿಂದ, ಪಿಸುಮಾತು...

‘ಸಮ ಬಂತಾ?’

ಬಂತು ಅನ್ನಬೇಕು. ಅಂದರೆ ಪಾಲು ಮುಗಿಯುತ್ತದೆ, ಬಿಡುಗಡೆ. ಆದರೆ ಬಾಯಿ ಬರಲಿಲ್ಲ. ಕಾಲೇಜಿನಲ್ಲಿ, ಸಮಿತಿಯಲ್ಲಿ, ಮಿಲ್ಲಿನ ಬಾಗಿಲಲ್ಲಿ ಸುಳ್ಳಿಗೆ ಎಂದೂ ತಡವರಿಸದ ಬಾಯಿ ಅದೊಂದು ಸುಳ್ಳು ಹೇಳಲು ಒಪ್ಪಲಿಲ್ಲ.

‘ಸಮ... ಬಂತಾ?’

ಶಿವರಾಮು ತಿರುಗಿ ನೋಡಿಬಿಟ್ಟ.

ಯಾರೂ ಇರಲಿಲ್ಲ. ಬಿಳಲುಗಳು. ಬಿಳಲಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು, ಮಳೆ ಬಿದ್ದು ತಿಂಗಳುಗಳಾಗಿದ್ದವು. ಆಗ ದೂರದಲ್ಲಿ, ದಿಬ್ಬದ ಕಡೆಯಿಂದ ಒಂದು ಸದ್ದು ಬಂತು. ಜಲ್... ಎಂದು. ಮಣಿಗಳನ್ನೆಲ್ಲ ಎರಡು ಕೈಯಲ್ಲೂ ಬಾಚಿ ಕಲಸಿದ ಸದ್ದು.

ಆಮೇಲೆ ಅವನು ನಡೆಯಲಿಲ್ಲ, ಓಡಿದ. ಊರಿನಲ್ಲಿ ಅವನ ಅವ್ವನ ಮನೆ. ಬೇಸಿಗೆ ರಜಕ್ಕೆ ಹೆಂಡತಿ ನೀಲಾವತಿಯೂ ಬಂದಿದ್ದಳು. ಹಂಗಳದವಳು, ಕಾಡಂಚಿನ ಊರಲ್ಲಿ ಬೆಳೆದವಳು. ಸುಮ್ಮಸುಮ್ಮನೆ ಹೆದರುವ ಹೆಂಗಸಲ್ಲ. ಬಾಗಿಲು ತೆಗೆದವಳು ಅವನ ಹೆಗಲಿನಾಚೆ ಬೀದಿ ನೋಡಿದಳು.

‘ಯಾರನ್ನ ಕರ್ಕಂಡ್ ಬಂದ್ರಿ?’

‘ಯಾರೂ ಇಲ್ಲ. ಯಾಕೆ?’

‘ಜನ ನಿಂತು ಮಾತಾಡ್ದಂಗಾಯ್ತು... ನಿಮ್ ಹೆಸ್ರು ಹೇಳುದ್ರು.’

ಅವನು ಅಗುಳಿ ಹಾಕಿದ. ಬೆಳಗಿನವರೆಗೂ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ.

ಬೆಳಿಗ್ಗೆ ರಂಗಸ್ವಾಮಿ ಬಂದ. ಬಿಳೀ ಪಂಚೆ ಮೇಲೆತ್ತಿ, ಇಬ್ಬರು ಆಳುಗಳ ಹೆಗಲು ಹಿಡಿದು ನೀರು ದಾಟಿದ. ರಾಜನಿಗೆ ಹಾಕಲು ಹಾರ ಬೇರೆ ತಂದಿದ್ದ. ಫೋಟೋದವನು ಕ್ಯಾಮೆರಾ ಎತ್ತಿದ. ಕೂಲಿ ಹೆಂಗಸರು ಒಂದು ಕಡೆ ನಿಂತಿದ್ದರು. ಶಿವರಾಮು ಟಾರ್ಪಾಲು ಎಳೆದ.

ನಡುವಿನ ಗುಣಿಯಲ್ಲಿ ಒಂದು ಮುತ್ತುಗದ ಎಲೆ. ಎಲೆಯ ಮೇಲೆ ಒಂದು ಹಿಡಿ ಮಣಿ.

ಪಕ್ಕದ ಗುಣಿಯಲ್ಲಿ ಒಂದು ಎಲೆ. ಒಂದು ಹಿಡಿ ಮಣಿ. ಅದರ ಪಕ್ಕದಲ್ಲೂ. ಕೊನೇವರೆಗೂ. ಎಲೆಗಳು ಹಸಿ ಹಸಿರು. ನಮ್ಮ ಕೆರೆ ಸುತ್ತ ಮುತ್ತುಗದ ಗಿಡ ಇಲ್ಲ.

‘ಎಲ್ರೀ ರಾಜ?’ ಅಂದ ರಂಗಸ್ವಾಮಿ. ಹಾರ ಕೈಯಲ್ಲೇ ಇತ್ತು.

ಈಗಲಾದರೂ ನಿಜ ಹೇಳಬಹುದಿತ್ತು. ಇಲ್ಲಿ ರಾಜ ಇರಲಿಲ್ಲ ಸಾರ್, ಅದೇ ಇವರ ದೊಡ್ಡಸ್ತಿಕೆ, ಅನ್ನಬಹುದಿತ್ತು. ನಮ್ಮ ದೊಡ್ಡಪ್ಪನ ಮಗ ಏನಂದ ಗೊತ್ತೆ? ಹೆಂಗಸರ ಕಡೆ ಕೈ ತೋರಿಸಿದ.

‘ಇದ್ವು ಸಾರ್. ರಾಜನ ಗುಣೀಲೇ ರಾಶಿ ಇದ್ವು. ರಾತ್ರಿ ಈ ಕೂಲಿಯವರು ಕದ್ದವ್ರೆ.’

ರಾಚಮ್ಮ ಸೊಂಟದ ಮೇಲೆ ಕೈಯಿಟ್ಟಳು. ‘ಕದ್ದೋರು ಎಲ್ಲಾರ್ಗೂ ಹಂಚ್ತಾರೇನ್ಲಾ? ಕದ್ದೋರು ಒಂದೇ ಗುಣೀಗೆ ತುಂಬ್ತಾರೆ ಕಣ್ಲಾ!’

ಫೋಟೋದವನು ನಗು ತಡೆಯಲು ಕ್ಯಾಮೆರಾದ ಹಿಂದೆ ಮುಖ ಮುಚ್ಚಿಕೊಂಡ. ರಂಗಸ್ವಾಮಿ ಹಾರವನ್ನು ನೀರಿಗೆ ಎಸೆದು ಬಂದ ದಾರಿಯಲ್ಲೇ ಹೊರಟ.

ಆಗ ದಿಬ್ಬದ ಅಂಚಿನಲ್ಲಿದ್ದ ಹೆಂಗಸೊಬ್ಬಳು ಕೂಗಿದಳು.

ಅಲ್ಲೊಂದು ಗುಣಿ. ಅದನ್ನು ತೋಡಿದ್ದು ಯಾರು? ಒಬ್ಬರು ಇನ್ನೊಬ್ಬರ ಮುಖ ನೋಡಿದರು. ಯಾರೂ ತೋಡಿರಲಿಲ್ಲ. ಮಿಕ್ಕ ಗುಣಿಗಳಷ್ಟೇ ಆಳ. ಉದ್ದ ಮಾತ್ರ ಕಮ್ಮಿ. ಶಿವರಾಮು ಕುಳ್ಳ. ಒಳಗೆ ಮಡಕೆ ಇಲ್ಲ, ಕುಡುಗೋಲಿಲ್ಲ, ಮೂಳೆ ಇಲ್ಲ. ಮುತ್ತುಗದ ಎಲೆ. ಎಲೆಯ ಮೇಲೆ ಮಣಿ, ಎಲ್ಲರಿಗೂ ಬಂದಷ್ಟೇ. ಕೊನೇ ಪಾಲು.

ರಾಚಮ್ಮ ಹಿಂದಿನ ದಿನ ಇಳಿಸಿಹೋಗಿದ್ದ ಕಲ್ಲುಗಳಲ್ಲಿ ಒಂದನ್ನು ಎತ್ತಿಕೊಂಡಳು. ಶಿವರಾಮುವನ್ನು ನೋಡಿದಳು. ಬೈದ ಮೇಲೂ ಚಿಕ್ಕವ್ವ ಚಿಕ್ಕವ್ವನೇ. ‘ಬರ್ದಾಗಿ ಬುಡಬಾರ್ದು,’ ಎಂದು ಆ ಗುಣಿಯ ನಡುವೆ ಕಲ್ಲನ್ನು ಇಳಿಸಿದಳು.

ಜೂನ್‌ನಲ್ಲಿ ಕಾಲೇಜಿನವರು ಅವನನ್ನು ಕರೆಯಲಿಲ್ಲ. ಪ್ರಬಂಧ ಮುಗಿಯಲಿಲ್ಲ. ಈಗ ಸಂತೆಮರಹಳ್ಳಿಯಲ್ಲಿ ಒಂದು ಟ್ಯುಟೋರಿಯಲ್‌ನಲ್ಲಿ ಪಾಠ ಹೇಳುತ್ತಾನೆ. ಬೋರ್ಡಿನ ಮೇಲೆ ಒಂದಕ್ಷರ ಬರೆಯುವುದಿಲ್ಲ. ಬೋರ್ಡಿಗೆ ಬೆನ್ನು ಒತ್ತಿ ನಿಂತು ಬಾಯಲ್ಲೇ ಹೇಳುತ್ತಾನೆ. ಮೇಷ್ಟ್ರ ಅಂಗಿ ಬೆನ್ನೆಲ್ಲ ಹಿಂದಿನ ಪಾಠದ ಸೀಮೆಸುಣ್ಣ ಅಂತ ಮಕ್ಕಳು ನಗುತ್ತಾರೆ. ರಾಜರ ಪಾಠ ಬಂದರೆ ಪುಟ ದಾಟಿಸುತ್ತಾನಂತೆ. ಅಷ್ಟಾದರೂ ಕಲಿತ.

ಆ ಮಳೆಗೆ ಕೆರೆ ತುಂಬಿ ದಿಬ್ಬ ಮುಳುಗಿತು. ಮರುಬೇಸಿಗೆಗೆ ನೀರು ಇಳಿದಾಗ ಗುಣಿಗಳೆಲ್ಲ ಗೋಡುಮಣ್ಣು ತುಂಬಿ, ಮೇಲೆ ಗರಿಕೆ ಹಬ್ಬಿತ್ತು. ಎಲ್ಲವೂ. ಆ ಒಂದನ್ನು ಬಿಟ್ಟು. ಅದು ಆಗಷ್ಟೇ ಗುಡಿಸಿದ ಹಾಗೆ ಚೊಕ್ಕವಾಗಿತ್ತು. ರಾಚಮ್ಮನ ಕಲ್ಲು ಹೊರಗೆ, ಅಂಚಿನ ಮೇಲೆ ಕೂತಿತ್ತು. ಅವಳು ಅದನ್ನು ಮತ್ತೆ ಒಳಗೆ ಹಾಕಿ ಬಂದಳು.

ದೆವ್ವ ಭೂತ ಅಂತ ಊರೂರು ಸುತ್ತಿ ಜನರನ್ನು ಹೆದರಿಸುವವರನ್ನು ಸಂತೆಯಲ್ಲಿ ನಿಲ್ಲಿಸಿ ಬೈದವನು ನಾನು. ಸುಳ್ಳು ಹೇಳಿ ನನಗೆ ಬರುವುದು ಏನೂ ಇಲ್ಲ. ಈ ಬೇಸಿಗೆ ನಾನೇ ನೀರು ದಾಟಿ ಹೋದೆ. ಕಲ್ಲು ಮತ್ತೆ ಹೊರಗಿತ್ತು. ಎರಡು ಕೈಯಲ್ಲಿ ಎತ್ತಿ ಗುಣಿಯೊಳಗೆ ಇಳಿಸಿದೆ, ಮಣ್ಣು ಒತ್ತಿದೆ, ಕಾಲಿನಿಂದ ತುಳಿದೆ. ಏರಿ ಹತ್ತಿ, ಆಲದ ಮರದ ಕೆಳಗೆ ಬಂದು, ಒಂದು ಸಲ ತಿರುಗಿ ನೋಡಿದೆ.

ಕಲ್ಲು ಗುಣಿಯ ಅಂಚಿನ ಮೇಲಿತ್ತು. ಒದ್ದೆಯಾಗಿ ಹೊಳೆಯುತ್ತಿತ್ತು.